ಗಾಂಧಿ ಬಜಾರಿನಲ್ಲಿ ಸಿಕ್ಕ ಹಿರಿಯರಿಗೆ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ನಾನು ಅಂಟು ಕೇಳುತ್ತಿದ್ದಾಗ ಪಕ್ಕದಲ್ಲಿ ಕೊಡೆ ಮಡಚುತ್ತಾ ನಿಂತಿದ್ದವರೇ, ನಿಮ್ಮ ಹೆಸರು ಕೇಳುವುದೇ ಮರೆತುಹೋಯಿತು.

1971ರ ಯುದ್ಧದಲ್ಲಿ ನಮ್ಮ ಸೇನೆ ಓಡಿಸಿದ ಟಿ-55 ಟ್ಯಾಂಕಿನ 1:35 ಅಳತೆಯ ಮಾದರಿ ನನ್ನದು. ಟ್ರ್ಯಾಕಿನ, ಅಂದರೆ ಚಕ್ರಗಳ ಸುತ್ತ ಸುತ್ತುವ ಸರಪಳಿಪಟ್ಟಿಯ, ಕೊಂಡಿಗಳನ್ನು ಒಂದೊಂದಾಗಿ ಅಂಟಿಸಿ, ಒಣಗಿಸಿ, ಚಕ್ರಕ್ಕೆ ಸುತ್ತಲು ಹೋದರೆ ಪಟಪಟನೆ ಬಿಟ್ಟುಕೊಳ್ಳುತ್ತಿತ್ತು. ಎರಡು ಸಲ ಹಾಗಾಯ್ತು, ಅಳುವೇ ಬಂತು.

“ಪೂರ್ತಿ ಒಣಗೋಕೆ ಬಿಡಬೇಡಿ ಮಾರಾಯ್ರೆ, ಅರ್ಧ ಗಂಟೆ ಸಾಕು. ಬಳುಕುವಾಗಲೇ ಸುತ್ತಿ, ಮಡ್‌ಗಾರ್ಡ್ ಸಂದಿಗೆ ಹತ್ತಿ ತುರುಕಿ” ಅಂದಿರಿ. ಟಿ-55ಕ್ಕೆ ಟ್ರ್ಯಾಕನ್ನು ಮೇಲೆ ಹೊರುವ ಪುಟ್ಟ ಉರುಳೆಗಳಿಲ್ಲ, ಅದು ಜೋತು ಚಕ್ರಗಳ ಮೇಲೇ ಕೂರಬೇಕು ಅಂತ ಗಾಜಿನ ಕೌಂಟರ್ ಮೇಲೆ ಬೆರಳಲ್ಲಿ ಗೀಚಿ ತೋರಿಸಿದಿರಿ.

ಇವತ್ತು ಬೆಳಿಗ್ಗೆ ಹತ್ತಿ ತೆಗೆದೆ. ಐದೂ ಚಕ್ರಗಳ ಮೇಲೆ ಟ್ರ್ಯಾಕ್ ತನ್ನ ಭಾರಕ್ಕೆ ತಾನೇ ಇಳಿದಂತೆ ಕೂತಿದೆ. ತುಂಬಾ ಧನ್ಯವಾದ ಸಾರ್.