ತೋಟಕ್ಕೆ ಬಿಡ್ಲಾ ಅಂತ ಕೇಳಿದೆಯಲ್ಲ

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನಾವು ಇಲ್ಲಿ ಕ್ಷೇಮ. ನಿನಗೆ ಐದು ತಿಂಗಳು ತುಂಬಿ ಆರಕ್ಕೆ ಬಿತ್ತು ಅಂತ ನಿನ್ನಮ್ಮ ಹೇಳಿದಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಧ್ಯಾಹ್ನ ಸ್ವಲ್ಪ ಮಲಗು. ಇಲ್ಲಿ ನಾಲ್ಕು ದಿನದಿಂದ ಮಳೆ ಹಿಡಿದುಬಿಟ್ಟಿದೆ. ಕರೆಂಟು ಹೋದರೆ ಬರೋದು ಮರುದಿನವೇ. ಆದರೆ ಫೋನ್ ಮಾಡದೆ ಕಾಗದ ಬರೆಯುತ್ತಿರುವುದು ಮಳೆಯಿಂದಲ್ಲ. ಫೋನಿನಲ್ಲಿ ಈ ಮಾತು ಹೇಳೋಕೆ ಹೋದರೆ ನನಗೆ ಗಂಟಲು ಕಟ್ಟುತ್ತದೆ.

"ದೊಡ್ಡಮ್ಮ, ಬ್ರೂನೋನ ನಿಮ್ಮ ತೋಟಕ್ಕೆ ಬಿಡ್ಲಾ? ಅಲ್ಲಿ ಆರಾಮಾಗಿ ಓಡಾಡ್ಕೊಂಡಿರ್ತಾನೆ" ಅಂತ ನಿಮ್ಮ ನಾಯಿಯ ಬಗ್ಗೆ ನೀನು ಕೇಳಿದೆ. ನಾನು "ನೋಡೋಣ" ಅಂದು ಸುಮ್ಮನಾದೆ. ಆಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅನ್ನೋದನ್ನು ಹೇಳುತ್ತೇನೆ. ಇದನ್ನು ನಿನ್ನಮ್ಮನಿಗೂ ನಾನು ಹೇಳಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ನನಗಾಗ ಹತ್ತು ವರ್ಷ. ನಿನ್ನಮ್ಮ ಇನ್ನೂ ಹುಟ್ಟಿರಲಿಲ್ಲ. ಶರಾವತಿ ದಂಡೆಯ ನಮ್ಮೂರು ಮುಳುಗಡೆಗೆ ಸೇರಿತ್ತು. ಹೆಂಚು ಇಳಿಸಿದರು, ಪಕಾಸು ಬಿಚ್ಚಿದರು, ಬಾಗಿಲು ದಾರಂದ ಎಲ್ಲ ಕಿತ್ತು ಲಾರಿಗೆ ತುಂಬಿದರು. ದನಗಳನ್ನು ಎರಡು ದಿನ ಮೊದಲೇ ನಡೆಸಿಕೊಂಡು ಹೋಗಿದ್ದರು. ಒರಳುಕಲ್ಲಿಗೂ ಲಾರಿಯಲ್ಲಿ ಜಾಗ ಸಿಕ್ಕಿತು. ಕೆಂಪನಿಗೆ ಸಿಗಲಿಲ್ಲ.

ಕೆಂಪ ನಮ್ಮ ಮನೆ ನಾಯಿ. ಊರನಾಯಿಯ ಮರಿ, ಜಾತಿಗೀತಿ ಏನೂ ಇಲ್ಲ. ರಾತ್ರಿ ಗದ್ದೆಗೆ ಹಂದಿ ಬಂದರೆ ಮೊದಲು ಅದಕ್ಕೇ ಗೊತ್ತಾಗುತ್ತಿತ್ತು. "ನಾಯಿ ತಾನೆ, ಸುತ್ತ ಕಾಡಿದೆ, ಹೇಗೋ ಬದುಕಿಕೊಳ್ಳುತ್ತೆ" ಅಂದರು ನಿನ್ನ ಅಜ್ಜ. ಲಾರಿ ಹೊರಟಾಗ ಅದು ಹಿಂದೆ ಓಡಿ ಬಂತು. ನಾನು ಹಿಂಬದಿಯಲ್ಲಿ ಹಾಸಿಗೆ ಗಂಟಿನ ಮೇಲೆ ಕೂತಿದ್ದೆ. ಹಳ್ಳ ದಾಟಿದ ಮೇಲೆ ಒಂದು ಏರು. ಅಲ್ಲಿ ಲಾರಿ ನಿಧಾನವಾಯಿತು. ಕೆಂಪ ಹತ್ತಿರ ಬಂದೇಬಿಟ್ಟ. ನಾಲಿಗೆ ಹೊರಗೆ ಬಿದ್ದಿತ್ತು, ಬಾಲ ಅಲ್ಲಾಡಿಸುತ್ತಿದ್ದ. ತನಗಾಗಿಯೇ ನಿಂತರು ಅಂದುಕೊಂಡಿದ್ದ, ಪುಟ್ಟಿ. ಏರು ಮುಗಿದ ಮೇಲೆ ಲಾರಿ ಜೋರಾಯಿತು.

ಮಳೆಗಾಲ ಶುರುವಾದ ಮೇಲೆ ನಮ್ಮ ಚಿಕ್ಕಪ್ಪ ಉಳಿದ ಮರಮಟ್ಟು ತರಲು ಹೋಗಿದ್ದರು. ಹಿನ್ನೀರು ಕೆಳಗಿನ ಗದ್ದೆಯವರೆಗೆ ಬಂದಿತ್ತಂತೆ. ಮಾಡು ಇಲ್ಲದ ಮನೆಯ ಜಗಲಿ ಮೇಲೆ ಕೆಂಪ ಮಲಗಿದ್ದನಂತೆ. ಮೂಳೆ ಚಕ್ಕಳ. ಚಿಕ್ಕಪ್ಪ ಕರೆದರೂ ಜಗಲಿ ಬಿಟ್ಟು ಇಳಿಯಲಿಲ್ಲ. ಅದರಾಚೆಯದ್ದು ಯಾರಿಗೂ ಗೊತ್ತಿಲ್ಲ.

ನಿನ್ನ ಅಜ್ಜ ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಅವತ್ತಿನಿಂದ ಸಾಯುವವರೆಗೂ ಎಲೆಯ ತುದಿಯಲ್ಲಿ ಒಂದು ತುತ್ತು ತೆಗೆದಿಡದೆ ಉಂಡವರಲ್ಲ. ಕಾಗೆಗೆ ಅಂತ ಎಲ್ಲರೂ ತಿಳಿದುಕೊಂಡಿದ್ದರು. ಮದುವೆಯಾಗಿ ಹೊರಡುವ ಮುಂಚೆ ಒಂದು ದಿನ ನಾನು ಕೇಳಿದೆ. "ಅದು ಕೆಂಪಂದು" ಅಂದರು. ಅಷ್ಟೇ.

ನಾನು ಅವರನ್ನು ಬೈಯುವುದಿಲ್ಲ. ಅವರಿಗೆ ಗದ್ದೆ ಹೋಗುತ್ತಿತ್ತು, ದೇವಸ್ಥಾನ ಹೋಗುತ್ತಿತ್ತು, ಊರಿಗೆ ಊರೇ ಹೋಗುತ್ತಿತ್ತು. ಆದರೆ ನಿನ್ನ ಊರು ಮುಳುಗುತ್ತಿಲ್ಲ ಪುಟ್ಟಿ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿರುವ ರಾಣಿಯನ್ನು ನೀನು ನೋಡಿದ್ದೀಯ. ಅವಳು ಹೇಗೆ ಬಂದಳು ಅಂತ ನಿನಗೆ ಪೂರ್ತಿ ಹೇಳಿರಲಿಲ್ಲ. ಸಾಗರದ ಕಡೆ ಹೋಗುವ ಹೈವೇಯಲ್ಲಿ ನಮ್ಮ ಕ್ರಾಸಿನ ಬಸ್ ಸ್ಟಾಪ್ ಇದೆಯಲ್ಲ, ಹೋದ ವರ್ಷ ಆಷಾಢದಲ್ಲಿ ಅಲ್ಲಿ ಅವಳು ಕೂತಿದ್ದಳು. ಜೋಗ ನೋಡೋಕೆ ಹೋಗುವ ಕಾರುಗಳು ಸಾಲಾಗಿ ಹೋಗುವ ದಾರಿ ಅದು. ಯಾರೋ ಒಂದು ಬಿಳಿ ಕಾರಿನಿಂದ ಇಳಿಸಿ ಹೋದರು ಅಂತ ಟೀ ಅಂಗಡಿಯವನು ಹೇಳಿದ. ಮೂರು ದಿನವಾಗಿತ್ತು. ಬಿಳಿ ಕಾರು ಕಂಡರೆ ರಸ್ತೆಗೆ ಓಡುತ್ತಿದ್ದಳು. ಕಾರು ಹೋದ ಮೇಲೆ ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿದ್ದಳು. ಬಿಸ್ಕತ್ತು ಹಾಕಿದರೂ ಮೂಸಿ ಬಿಡುತ್ತಿದ್ದಳು. ನಾನು "ಬಾರೇ, ಬಾ" ಅಂದೆ. ನನ್ನ ಮುಖ ನೋಡಿದಳು, ಅರ್ಥವಾಗಲಿಲ್ಲ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಾಲೆ ಹುಡುಗ ಸುಮ್ಮನೆ "ಸಿಟ್" ಅಂದ. ಆ ಮಳೆಯಲ್ಲಿ, ಆ ಕೆಸರಿನಲ್ಲಿ, ತಕ್ಷಣ ನೆಟ್ಟಗೆ ಕೂತಳು! ಕೂತು ಅವನ ಕೈಯನ್ನೇ ನೋಡಿದಳು. ಯಾರೋ ಪ್ರೀತಿಯಿಂದ ಕಲಿಸಿದ್ದರು. ತಿಂಡಿ ಕೊಟ್ಟು ಕೊಟ್ಟು ಕಲಿಸಿದ್ದರು. ಅವರೇ ಇಳಿಸಿ ಹೋಗಿದ್ದರು.

ಕತ್ತಿನ ಬೆಲ್ಟು ಬಿಚ್ಚಿದಾಗ ಕೆಳಗೆ ಕೂದಲೆಲ್ಲ ಉದುರಿ ಹುಣ್ಣಾಗಿತ್ತು. ಕಿವಿಯೊಳಗೆ ಉಣುಗು ತುಂಬಿತ್ತು. ಜ್ವರ ಬಂದು ಒಸಡು ಕಾಗದದ ಹಾಗೆ ಬೆಳ್ಳಗಾಗಿತ್ತು. ಶಿವಮೊಗ್ಗದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೆ ನಾಲ್ಕು ಸಲ ಕರೆದುಕೊಂಡು ಹೋದೆವು, ಬದುಕಿದಳು. ಈಗ ಕನ್ನಡ ಬರುತ್ತೆ, ಗಂಜಿಯೂ ಸೇರುತ್ತೆ. ಆದರೂ ಅಂಗಳಕ್ಕೆ ಬಿಳಿ ಕಾರು ಬಂದರೆ ಇವತ್ತಿಗೂ ಎದ್ದು ನಿಲ್ಲುತ್ತಾಳೆ. ಬಾಗಿಲು ತೆಗೆದು ಇಳಿದವರನ್ನು ನೋಡಿ, ಹೋಗಿ ಮಲಗುತ್ತಾಳೆ.

ಬೆಂಗಳೂರಿನವರಿಗೆ ತೋಟ ಅಂದರೆ ನಾಯಿಗೆ ಸ್ವರ್ಗ ಅನ್ನಿಸುತ್ತೆ. ಸೋಫಾ ಮೇಲೆ ಮಲಗಿ ಬೆಳೆದ ನಾಯಿಗೆ ಇದು ಸ್ವರ್ಗ ಅಲ್ಲ ಕಣೇ. ಇಲ್ಲಿನ ಕೇರಿ ನಾಯಿಗಳು ಹೊಸಬರನ್ನು ಸೇರಿಸಿಕೊಳ್ಳೋದಿಲ್ಲ, ಕಚ್ಚಿ ಓಡಿಸುತ್ತವೆ. ಹಂದಿಗೆ ಹಾಕಿದ ಉರುಳು, ಬೇಲಿಗೆ ಬಿಟ್ಟ ಕರೆಂಟು, ಇದೆಲ್ಲ ಅದಕ್ಕೆ ಏನು ಗೊತ್ತು? ಚಿರತೆಯಂತೂ ಅಂಗಳದಿಂದಲೇ ನಾಯಿ ಎತ್ತಿಕೊಂಡು ಹೋಗುತ್ತೆ. ನಮ್ಮ ಆಚೆ ಮನೆಯವರು ಎರಡು ನಾಯಿ ಕಳೆದುಕೊಂಡರು. ಇಲ್ಲೇ ಹುಟ್ಟಿದ ನಾಯಿಗಳೇ ಬದುಕೋದು ಕಷ್ಟ.

ಇನ್ನು ನಿನ್ನ ಕಾರಣಗಳು. ಹೊಸ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನವರು ನಾಯಿ ಬೇಡ ಅಂದರು ಅಂದೆ. ಅವರು ಹಾಗೆ ಅನ್ನುವ ಹಾಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿಯನ್ನು ಹೊರಹಾಕುವ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ ಅಂತ ಅದರಲ್ಲಿದೆ. ಅಳಿಯಂದಿರು ಅದರ ಒಂದು ಪ್ರತಿ ತೆಗೆದು ಅವರ ಮುಂದೆ ಇಡಲಿ. ಹಾಗೇ ನೀವೂ ಅವನು ಮಾಡಿದ ಗಲೀಜು ತೆಗೆಯಬೇಕು, ಲಿಫ್ಟಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳಬೇಕು. ಜಗಳ ಅರ್ಧ ಅಲ್ಲೇ ಮುಗಿಯುತ್ತೆ.

ಮಗು ಬರುವ ಮನೆಯಲ್ಲಿ ನಾಯಿ ಬೇಡ ಅನ್ನುವ ನಿನ್ನ ಅತ್ತೆಯವರ ಮಾತನ್ನು ನಾನು ಹಗುರ ಮಾಡುವುದಿಲ್ಲ. ಅವರ ಹೆದರಿಕೆ ನಿಜ. ಆದರೆ ಹೆದರಿಕೆಗೆ ದಾರಿ ಇದೆ. ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸು, ಡಾಕ್ಟರ್ ಹೇಳಿದ ಹೊತ್ತಿಗೆ ಜಂತುಹುಳದ ಮಾತ್ರೆ ಕೊಡು. ಮಗು ಮಲಗುವ ಕೋಣೆಗೆ ಅವನು ಹೋಗಬಾರದು ಅಂತಿದ್ದರೆ ಅದನ್ನು ಇವತ್ತಿನಿಂದಲೇ ಕಲಿಸು, ಮಗು ಬಂದ ದಿನ ಅಲ್ಲ. ಆಸ್ಪತ್ರೆಯಿಂದ ಮಗು ಬರುವ ಮೊದಲು ಮಗುವಿನ ಬಟ್ಟೆಯೊಂದನ್ನು ತಂದು ಅವನಿಗೆ ಮೂಸಿಸು. ಮೂಗಿನಲ್ಲಿ ಪರಿಚಯವಾದರೆ ನಾಯಿಗೆ ಅರ್ಧ ಪರಿಚಯವಾದ ಹಾಗೆ. ಎಷ್ಟೇ ಸಾಧು ನಾಯಿಯಾದರೂ ಮಗುವಿನ ಜೊತೆ ಅದನ್ನೊಂದೇ ಬಿಟ್ಟು ಹೋಗಬೇಡ. ಇಷ್ಟು ಮಾಡಿದರೆ ನಿನ್ನ ಅತ್ತೆಯವರೂ ಒಪ್ಪಬಹುದು. ನಾನೇ ಅವರ ಹತ್ತಿರ ಮಾತಾಡಲೂ ತಯಾರಿದ್ದೇನೆ.

ಮೂರನೇ ಕಾರಣ ನೀನು ಹೇಳಲಿಲ್ಲ, ನಾನೇ ಹೇಳುತ್ತೇನೆ. ನಿನಗೆ ಸುಸ್ತಾಗಿದೆ. 2020ರಲ್ಲಿ ಲಾಕ್‌ಡೌನ್ ಅಂತ ಮನೆಯಲ್ಲೇ ಇದ್ದಿರಿ, ಮರಿ ತಂದಿರಿ. ಆಗ ದಿನವಿಡೀ ಹೊತ್ತು ಇತ್ತು. ಈಗ ಆಫೀಸು, ಹೊಟ್ಟೆಯಲ್ಲಿ ಮಗು. ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷ ಬದುಕುವ ನಾಯಿ, ಅವನಿಗೆ ಈಗ ಐದು. ಸುಸ್ತಾಗಿದೆ ಅನ್ನೋದು ತಪ್ಪಲ್ಲ ಮಾರಾಯ್ತಿ. ಬಾಯಿ ಬಿಟ್ಟು ಹೇಳು, ಸಹಾಯ ಕೇಳು. ಸಹಾಯ ಕೇಳೋದು ಬೇರೆ, ಬಿಡೋದು ಬೇರೆ.

ಬಿಡೋದು ಕಾನೂನಿನಲ್ಲೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗಬಾರದು ಅಂತ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ರಾಣಿಯ ಒಂದು ದಿನದ ಔಷಧಿಗೂ ಅದು ಸಾಲುತ್ತಿರಲಿಲ್ಲ. ಹಾಗಾಗಿ ಕಾನೂನಿಗೆ ಹೆದರು ಅಂತ ನಾನು ನಿನಗೆ ಹೇಳುವುದಿಲ್ಲ.

ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳಿಗೆ ನಾನು ಆತಕೂರಿನ ಕಲ್ಲಿನ ಕಥೆ ತಪ್ಪದೆ ಹೇಳುತ್ತಿದ್ದೆ. ಮಂಡ್ಯ ಜಿಲ್ಲೆಯ ಆತಕೂರು. ಸುಮಾರು 950ರಲ್ಲಿ, ಗಂಗರ ಬೂತುಗನ ಕಾಲದ್ದು. ಮಣಲೆರ ಅನ್ನುವ ವೀರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಎರಡೂ ಸತ್ತವು. ಕಾಳಿಗೆ ವೀರಗಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟರು. ಆ ಕಲ್ಲು ಈಗ ನೀನಿರುವ ಬೆಂಗಳೂರಿನಲ್ಲೇ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಕನ್ನಡದವರು ಸಾವಿರ ವರ್ಷದ ಹಿಂದೆಯೇ ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ಪಾಠ ಮುಗಿದ ಮೇಲೆ ನನಗೆ ಪ್ರತಿ ಸಲ ಕೆಂಪ ನೆನಪಾಗುತ್ತಿದ್ದ.

ಈಗ ನನ್ನ ತೀರ್ಮಾನ ಕೇಳು. ಬ್ರೂನೋನನ್ನು ನಾನು ಇಟ್ಟುಕೊಳ್ಳುತ್ತೇನೆ, ಆದರೆ ಬಿಟ್ಟುಹೋದ ನಾಯಿಯ ಹಾಗಲ್ಲ. ನಿನ್ನ ಹೆರಿಗೆ, ಬಾಣಂತನ ಮುಗಿಯುವವರೆಗೆ. ಆಮೇಲೆ ಮಗುವಿನ ಜೊತೆ ಅವನೂ ಬೆಂಗಳೂರಿಗೆ ಹೊರಡಬೇಕು. ಡ್ರೈವರ್ ಕೈಯಲ್ಲಿ ಕಳಿಸಬೇಡ. ಡಾಕ್ಟರ್ ಪ್ರಯಾಣಕ್ಕೆ ಒಪ್ಪಿದರೆ ನೀನೇ ಬಾ, ಇಲ್ಲದಿದ್ದರೆ ಅಳಿಯಂದಿರು ಬರಲಿ. ಬಂದವರು ಎಂಟು ದಿನವಾದರೂ ಇಲ್ಲೇ ಇರಬೇಕು. ರಾಣಿಗೂ ಅವನಿಗೂ ಹೊಂದಿಕೆಯಾಗಬೇಕು, ನನ್ನ ಕೈಯಿಂದ ಅವನು ಊಟ ಮಾಡಬೇಕು. ಲಸಿಕೆ ಕಾರ್ಡು, ತಿನ್ನುವ ಅಭ್ಯಾಸ, ಯಾವ ಮಾತಿಗೆ ಏನು ಮಾಡುತ್ತಾನೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ತನ್ನಿ. ಹೊರಡುವಾಗ ಅವನು ಮಲಗಿರುವಾಗ ಕದ್ದು ಹೋಗಬೇಡಿ. ಎದುರಿಗೇ ಹೇಳಿ ಹೋಗಿ. ತಿಂಗಳಿಗೊಮ್ಮೆಯಾದರೂ ಅಳಿಯಂದಿರು ಬಂದು ಮುಖ ತೋರಿಸಲಿ.

ಮತ್ತೆ ಇನ್ನೊಂದು. ಅವನು ಮಲಗುವ ನಿನ್ನ ಹಳೆ ಬೆಡ್‌ಶೀಟ್ ಇದೆಯಲ್ಲ, ಅದನ್ನು ತೊಳೆಯಬೇಡ. ಹಾಗೇ ಮಡಚಿ ತಾ.

ಇಂತಿ ನಿನ್ನ
ದೊಡ್ಡಮ್ಮ