ಸೋತು ಬಂದ ತಂಡದ ಪರವಾಗಿ

ಶಿಡ್ಲಘಟ್ಟದ ನಮ್ಮ ಹುಡುಗಿಯರು ತುಮಕೂರಿನಲ್ಲಿ ನಡೆದ ಬೆಂಗಳೂರು ವಿಭಾಗ ಮಟ್ಟದ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್‌ನಲ್ಲಿ 29–41ರಿಂದ ಸೋತು ಊರಿಗೆ ಮರಳಿದ್ದಾರೆ. ರಾಜ್ಯ ಮಟ್ಟ ಕೈತಪ್ಪಿತು. ಆದರೂ ನಮ್ಮ ಪ್ರೌಢಶಾಲೆಯ ತಂಡವೊಂದು ಈ ಆಟದಲ್ಲಿ ಜಿಲ್ಲೆಯ ಗಡಿ ದಾಟಿದ್ದು ಇದೇ ಮೊದಲು. ಹುಡುಗಿಯರಿಗೆ ಶಾಲು, ಹಾರ, ಫೋಟೊ ಎಲ್ಲವೂ ಆದವು. ಅವರನ್ನು ಅಲ್ಲಿಯವರೆಗೆ ಮುಟ್ಟಿಸಿದವರ ಹೆಸರನ್ನು ಮಾತ್ರ ವೇದಿಕೆಯಲ್ಲಿ ಯಾರೂ ಓದಲಿಲ್ಲ. ನಾನಾದರೂ ಬರೆಯೋಣವೆಂದು ಒಬ್ಬೊಬ್ಬರನ್ನೇ ಕೇಳಿದರೆ, ‘ಹೆಸರು ಹಾಕಬೇಡಿ’ ಎಂದರು. ಹಾಗಾಗಿ ಹೆಸರಿಲ್ಲದ ಕೃತಜ್ಞತೆ ಇದು. ಊರು ಚಿಕ್ಕದು, ಯಾರು ಯಾರೆಂದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ.

ಇದನ್ನು ಬರೆಯಲು ನಾನು ಯಾರು ಎಂದು ಕೇಳುವವರಿದ್ದಾರೆ. ನಾನು ಶಾಲೆಯ ಎದುರು ಝೆರಾಕ್ಸ್ ಮತ್ತು ಲೇಖನ ಸಾಮಗ್ರಿಯ ಅಂಗಡಿ ಇಟ್ಟುಕೊಂಡವಳು. ಚೆಂಡು ಪುಟಿಸಲೂ ಬರುವುದಿಲ್ಲ. ಆದರೆ ಶಾಲಾ ಕ್ರೀಡೆ ಎಂದರೆ ಮೊದಲು ಕಾಗದ, ಆಮೇಲೆ ಆಟ. ಪ್ರತಿ ಆಟಗಾರ್ತಿಗೂ ಅರ್ಹತಾ ಪತ್ರ, ಭಾವಚಿತ್ರ, ಜನ್ಮ ದಿನಾಂಕದ ದಾಖಲೆ, ದಾಖಲಾತಿ ಸಂಖ್ಯೆ, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು, ಅವುಗಳ ಮೇಲೆ ಪ್ರತಿಗಳು. ಒಂದು ಅಕ್ಷರ ತಪ್ಪಿದರೆ ಹುಡುಗಿ ಅಂಕಣದ ಹೊರಗೆ. ಈ ಪ್ರತಿಗಳನ್ನು ತೆಗೆಯುತ್ತ ತೆಗೆಯುತ್ತ ಮುಖಗಳ ಪರಿಚಯವಾಯಿತು. ಸಂಜೆ ಅಂಗಡಿಯಿಂದಲೇ ಆಟ ಕಾಣುತ್ತದೆ. ಆಮೇಲೆ ಬೆಂಚಿನ ಮೇಲೆ ಕುಳಿತು ಅಂಕ ಬರೆಯುವುದು ನನ್ನ ಪಾಲಿಗೆ ಬಂತು. ಅಂಕಪಟ್ಟಿಯಲ್ಲಿ ಒಂದನೇ ಮತ್ತು ಮೂರನೇ ಕ್ವಾರ್ಟರ್‌ಗೆ ಕೆಂಪು ಪೆನ್ನು, ಎರಡನೇ ಮತ್ತು ನಾಲ್ಕನೇ ಕ್ವಾರ್ಟರ್‌ಗೆ ನೀಲಿ ಅಥವಾ ಕಪ್ಪು ಪೆನ್ನು ಬಳಸುವ ಪದ್ಧತಿ ಇದೆ. ಪೆನ್ನಿಗೆ ನನ್ನಲ್ಲಿ ಬರವಿಲ್ಲ.

ತಾಲ್ಲೂಕು ಮಟ್ಟದ ಗೆಲುವಿನ ಬಗ್ಗೆ ಹೆಚ್ಚು ಹೇಳಿದರೆ ಸುಳ್ಳಾಗುತ್ತದೆ. ಕಬಡ್ಡಿಗೆ, ಥ್ರೋಬಾಲ್‌ಗೆ ತಂಡಗಳು ಸಾಲುಗಟ್ಟಿ ಬರುತ್ತವೆ. ಬ್ಯಾಸ್ಕೆಟ್‌ಬಾಲ್‌ಗೆ ಕಂಬ ಬೇಕು, ಬೋರ್ಡ್ ಬೇಕು, ಗಟ್ಟಿ ನೆಲ ಬೇಕು. ಇವಿರುವ ಶಾಲೆ ಎಷ್ಟಿವೆ? ಹದಿನೇಳು ವರ್ಷದೊಳಗಿನ ಬಾಲಕಿಯರ ವಿಭಾಗಕ್ಕೆ ಬಂದದ್ದು ಎರಡೇ ತಂಡ. ಒಂದು ಪಂದ್ಯ ಗೆದ್ದೆವು, ಚಾಂಪಿಯನ್ನರಾದೆವು, ಸಿಹಿ ಹಂಚಿದೆವು. ಜಿಲ್ಲಾ ಮಟ್ಟದಲ್ಲಿ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ತಂಡಗಳ ಎದುರು ಬೆವರು ಸುರಿಸಿಯೇ ಗೆದ್ದದ್ದು. ನಿಜವಾದ ಏರು ಅದರಾಚೆಗಿದೆ. ನಾವು ಬೆಂಗಳೂರು ವಿಭಾಗಕ್ಕೆ ಸೇರಿದವರು. ತುಮಕೂರು, ಕೋಲಾರ, ರಾಮನಗರ, ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗದವರೂ ಅಷ್ಟೇ. ನಮ್ಮಂಥ ಊರಿನ ಮಕ್ಕಳು ರಾಜ್ಯ ಮಟ್ಟ ಮುಟ್ಟಬೇಕಾದರೆ, ನಾಲ್ಕನೇ ತರಗತಿಯಿಂದಲೇ ಕ್ಲಬ್ಬಿನ ಶಿಬಿರಗಳಲ್ಲಿ ಪಳಗಿದ ರಾಜಧಾನಿಯ ಮಕ್ಕಳನ್ನು ದಾಟಿಯೇ ಹೋಗಬೇಕು. ಇದು ದೂರಲ್ಲ, ದಾರಿಯ ನಕ್ಷೆ.

ಮೊದಲ ಧನ್ಯವಾದ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಿಗೆ. ಖೊ-ಖೊ, ಕಬಡ್ಡಿ, ವಾಲಿಬಾಲ್, ಓಟ, ಎಸೆತ, ಜೊತೆಗೆ ಶಾಲೆಯ ಅರ್ಧ ಲೆಕ್ಕಪತ್ರ ಎಲ್ಲವೂ ಅವರೊಬ್ಬರ ತಲೆಯ ಮೇಲೆ. ಅಂಕಣಕ್ಕೆ ಕಾಂಕ್ರೀಟ್ ಹಾಕಿಸುವಾಗ ಸಿಮೆಂಟು ಕೊಟ್ಟವರು ರೇಷ್ಮೆ ನೂಲು ಬಿಚ್ಚುವ ಘಟಕಗಳ ಮಾಲೀಕರು, ಮರಳು ಒಬ್ಬ ಗುತ್ತಿಗೆದಾರರದು. ನಿಯಮದ ಪ್ರಕಾರ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಳತೆ ಹಿಡಿದಾಗ ಒಂದು ತುದಿಯಲ್ಲಿ ಹಳೆಯ ಹೊಂಗೆ ಮರ ಅಡ್ಡ ಬಂತು. ಕಡಿಯೋಣ ಎಂದವರಿಗೆ ಮೇಷ್ಟ್ರು, ‘ಬಿಸಿಲಿನಲ್ಲಿ ಮಕ್ಕಳು ಎಲ್ಲಿ ಕೂರುತ್ತಾರೆ?’ ಎಂದು ಕೇಳಿ ಮರ ಉಳಿಸಿದರು. ಹೀಗಾಗಿ ನಮ್ಮ ಅಂಕಣ ನಾಲ್ಕು ಮೀಟರ್ ಗಿಡ್ಡ. ಪೂರ್ಣ ಅಳತೆಯ ಅಂಕಣದಲ್ಲಿ ನಮ್ಮವರಿಗೆ ಮೂರನೇ ಕ್ವಾರ್ಟರ್ ಹೊತ್ತಿಗೆ ಉಸಿರು ಕಟ್ಟುತ್ತದೆ ಎಂಬುದಕ್ಕೆ ಇದೇ ಕಾರಣ. ಅದಕ್ಕೆಂದೇ ಮೇಷ್ಟ್ರು ಅಭ್ಯಾಸದ ಕೊನೆಗೆ ಮೈದಾನದ ಸುತ್ತ ಹೆಚ್ಚುವರಿ ಸುತ್ತು ಓಡಿಸುತ್ತಿದ್ದರು. ಹುಡುಗಿಯರು ಬೈದುಕೊಂಡೇ ಓಡುತ್ತಿದ್ದರು.

ರಿಂಗಿಗೆ ಬಲೆ ಕಟ್ಟಿಕೊಟ್ಟ ಹೂವಿನ ವ್ಯಾಪಾರಿಗೆ ವಂದನೆ. ಅಂಗಡಿಯಿಂದ ತಂದ ಬಲೆ ಒಂದು ಮಳೆಗಾಲಕ್ಕೆ ಜೂಲುಜೂಲಾಗುತ್ತದೆ. ಬಲೆ ಬರಿಯ ಅಲಂಕಾರವಲ್ಲ. ಬಲೆಯಿಲ್ಲದ ರಿಂಗಿನಲ್ಲಿ ಚೆಂಡು ಒಳಗಿನಿಂದ ಬಿತ್ತೋ ಹೊರಗಿನಿಂದ ಸರಿಯಿತೋ ಎಂಬ ಜಗಳಕ್ಕೆ ಕೊನೆಯಿಲ್ಲ, ಎಸೆದವಳಿಗೂ ತನ್ನ ಕೈ ಸರಿಯಾಗಿದೆಯೇ ಎಂದು ತಿಳಿಯುವುದಿಲ್ಲ. ಇವರು ಹೂವಿನ ಮೂಟೆ ಬಿಗಿಯುವ ನೈಲಾನ್ ಹಗ್ಗವನ್ನು ತಂದು, ಏಣಿ ಹತ್ತಿ, ಹನ್ನೆರಡು ಕೊಕ್ಕೆಗಳಿಗೂ ಒಂದೊಂದು ಗಂಟು ಹಾಕಿ, ಕೆಳಗೆ ಕಿರಿದಾಗುವಂತೆ ಹೆಣೆದರು. ಚೆಂಡು ಒಳಗಿಳಿದಾಗ ಒಂದು ಕ್ಷಣ ತಡೆದು ನೆಟ್ಟಗೆ ಕೆಳಗೆ ಬೀಳುತ್ತದೆ. ಹಳದಿ ಬಲೆ, ನೋಡಲು ಚೆನ್ನಾಗಿಲ್ಲ. ಎರಡು ಮಳೆಗಾಲ ಕಳೆದರೂ ಒಂದು ಗಂಟೂ ಸಡಿಲವಾಗಿಲ್ಲ.

ಚೆಂಡಿನ ಕಥೆ ಬೇರೆ. ಬಾಲಕಿಯರು ಆಡಬೇಕಾದದ್ದು ಆರನೇ ಸೈಜಿನ ಚೆಂಡಿನಲ್ಲಿ. ಶಾಲೆಯಲ್ಲಿ ಇದ್ದದ್ದು ಹುಡುಗರ ಏಳನೇ ಸೈಜು, ಅದೂ ಸಿಮೆಂಟಿನ ಮೇಲೆ ಉಜ್ಜಿ ಉಜ್ಜಿ ಮೈಮೇಲಿನ ಕಾಳುಗಳೆಲ್ಲ ಸವೆದು ನುಣ್ಣಗಾದದ್ದು. ಅಂಗೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯ ವ್ಯಾಪಾರಿಯೊಬ್ಬರು ಒಂದು ಸಂಜೆ ಸುಮ್ಮನೆ ನಿಂತು ನೋಡಿ ಹೋದವರು, ಮರುವಾರ ಆರನೇ ಸೈಜಿನ ಎರಡು ಚೆಂಡು ಕಳುಹಿಸಿದರು. ಚೀಟಿ ಇಲ್ಲ, ಫೋಟೊ ಇಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದು ನಮ್ಮ ಸಂಗ್ರಹದ ಪುಸ್ತಕವನ್ನು ನೋಡದೆಯೇ ಹಿಂದಿರುಗಿಸಿದ ಮಹನೀಯರೂ ಊರಿನಲ್ಲಿದ್ದಾರೆ. ಸನ್ಮಾನದ ದಿನ ಅವರು ಮುಂದಿನ ಸಾಲಿನಲ್ಲಿದ್ದರು. ಇರಲಿ, ಅವರ ಚಪ್ಪಾಳೆಗೂ ಧನ್ಯವಾದ.

ಇಲ್ಲಿಗೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಕಾಲೇಜಿನ ದಿನಗಳಲ್ಲಿ ಆಡಿದವರು. ಬೆಳಿಗ್ಗೆ ಆರಕ್ಕೆ ಬಂದು, ಒಂಬತ್ತಕ್ಕೆ ಸ್ನಾನ ಮಾಡಿ ಬ್ಯಾಂಕಿಗೆ ಹೋಗುತ್ತಿದ್ದರು. ಅವರ ಬಾಯಿಯಲ್ಲಿ ಸದಾ ಒಂದೇ ಕಥೆ: 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್. ಭಾರತ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ಅವರು ಅಂದು ಗ್ಯಾಲರಿಯಲ್ಲಿದ್ದರಂತೆ. ಹೇಳುತ್ತ ಹೇಳುತ್ತ ಅವರ ದನಿ ಏರುತ್ತಿತ್ತು, ಹುಡುಗಿಯರು ಅಂಕಗಳನ್ನು ಅವರಿಗಿಂತ ಮೊದಲೇ ಹೇಳಿ ಮುಗಿಸುತ್ತಿದ್ದರು. ಅವರಿಂದ ಕಲಿತ ದೊಡ್ಡ ಪಾಠ ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಗೆರೆಯ ಮೇಲೆ ನಿಂತು ಎಸೆಯುವ ಎಸೆತ. ನನ್ನ ಅಂಕಪಟ್ಟಿಗಳೂ ಅದನ್ನೇ ಹೇಳುತ್ತವೆ: ನಮ್ಮ ಮಟ್ಟದ ಪಂದ್ಯಗಳು ಓಟದಲ್ಲಿ ಸೋಲುವುದಿಲ್ಲ, ಯಾರೂ ಅಡ್ಡ ಬಾರದ ಆ ಗೆರೆಯ ಮೇಲೆ ನಿಂತಾಗ ಸೋಲುತ್ತವೆ. ಅಧಿಕಾರಿಗಳಿಗೆ ಈಗ ಮತ್ತೆ ವರ್ಗವಾಗಿದೆ. ಬ್ಯಾಂಕಿನವರ ಮೇಲೆ ನಮಗೆ ಸ್ವಲ್ಪ ಕೋಪವಿದೆ.

ಇನ್ನು ಆಟಗಾರ್ತಿಯರು. ಎಳೆಯ ಮಕ್ಕಳ ಹೆಸರು ಬೇಡ, ಬೆನ್ನಿನ ಸಂಖ್ಯೆ ಸಾಕು. ಐದನೇ ಸಂಖ್ಯೆಯವಳು ತಂಡದಲ್ಲೇ ಕುಳ್ಳಿ. ಚೆಂಡು ಪುಟಿಸುವಾಗ ಒಮ್ಮೆಯೂ ನೆಲ ನೋಡುವುದಿಲ್ಲ. ಗೆಳತಿ ನಿಂತಿರುವ ಕಡೆಗಲ್ಲ, ಎರಡು ಹೆಜ್ಜೆ ಮುಂದೆ ತಲುಪಲಿರುವ ಕಡೆಗೆ ಚೆಂಡು ಕಳುಹಿಸುತ್ತಾಳೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ ಎಂದು ಮೇಷ್ಟ್ರೇ ಒಪ್ಪುತ್ತಾರೆ. ಅವಳ ತಾಯಿ ದಿನವಿಡೀ ಬಿಸಿನೀರಿನಲ್ಲಿ ಗೂಡು ತೇಲಿಸಿ ಎಳೆ ಹುಡುಕುವವರು. ಬೆರಳ ತುದಿಗಳು ಬಿಳುಚಿ ಸುಲಿದಿರುತ್ತವೆ. ಆ ಕೈಗಳಿಂದಲೇ ಸಂಜೆಯ ಪಾತ್ರೆಯನ್ನೂ ತಿಕ್ಕಿ, ಮಗಳನ್ನು ಆರೂವರೆಯವರೆಗೆ ಮೈದಾನದಲ್ಲಿ ಬಿಟ್ಟರು. ಅಮ್ಮ, ನಿಮಗೆ ನಮಸ್ಕಾರ.

ಒಂಬತ್ತನೇ ಸಂಖ್ಯೆಯವಳು ಬೋರ್ಡಿಗೆ ತಾಗಿಸಿ ಹಾಕುವುದರಲ್ಲಿ ನಿಸ್ಸೀಮಳು. ಅವಳು ತಲೆಗೆ ಬಟ್ಟೆ ಕಟ್ಟಿ ಆಡುತ್ತಾಳೆ. ಜಿಲ್ಲಾ ಮಟ್ಟದಲ್ಲಿ ಯಾರೋ ಆಕ್ಷೇಪ ಎತ್ತಿದರು. ಪಂದ್ಯ ಹತ್ತು ನಿಮಿಷ ನಿಂತಿತು, ಹುಡುಗಿಯ ಕಣ್ಣು ತುಂಬಿತು. ಅಂದಿನ ರೆಫರಿ ಗದ್ದಲ ಮಾಡಲಿಲ್ಲ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ 2017ರ ಅಕ್ಟೋಬರ್‌ನಿಂದಲೇ ತಲೆವಸ್ತ್ರಕ್ಕೆ ಅನುಮತಿ ಕೊಟ್ಟಿದೆ, ಮುಖ ಮುಚ್ಚಬಾರದು, ಯಾರಿಗೂ ಅಪಾಯವಾಗಬಾರದು, ಅಷ್ಟೇ ಎಂದು ಮೊಬೈಲಿನಲ್ಲಿ ನಿಯಮ ತೆಗೆದು ಎರಡೂ ಬೆಂಚಿಗೆ ತೋರಿಸಿ ಸೀಟಿ ಊದಿದರು. ಪಿನ್ನು, ಗುಂಡಿ ಯಾವುದೂ ಇಲ್ಲದೆ, ಜೋತುಬೀಳದಂತೆ ಕಪ್ಪು ಬಟ್ಟೆಯಲ್ಲಿ ಅದನ್ನು ಹೊಲಿದುಕೊಟ್ಟ ಟೈಲರ್ ಅವರಿಗೂ, ಆ ರೆಫರಿಗೂ ಕೈಮುಗಿಯುತ್ತೇನೆ. ಆಟ ಮತ್ತೆ ಶುರುವಾದ ಮೇಲೆ ಅವಳ ಮೊದಲ ಎಸೆತವೇ ಬೋರ್ಡಿಗೆ ತಾಗಿ ಒಳಗಿಳಿಯಿತು.

ಹನ್ನೊಂದನೇ ಸಂಖ್ಯೆಯವಳ ಬಗ್ಗೆ ಊರೆಲ್ಲ ಮಾತಾಡುತ್ತಿದೆ. ಒಂಬತ್ತನೇ ತರಗತಿಗೇ ಐದು ಅಡಿ ಒಂಬತ್ತು ಅಂಗುಲ. ನೀಲಗಿರಿ ಮರ ಎಂದು ಕರೆಸಿಕೊಂಡು ಬೆನ್ನು ಬಾಗಿಸಿ ನಡೆಯುತ್ತಿದ್ದವಳು, ಈಗ ರಿಂಗಿನ ಕೆಳಗೆ ನೆಟ್ಟಗೆ ನಿಂತು ಎರಡೂ ಕೈ ಎತ್ತುತ್ತಾಳೆ. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕರೆತನ್ನಿ ಎಂದು ತುಮಕೂರಿನಲ್ಲಿ ಒಬ್ಬರು ಹೇಳಿದರು, ಬೆಂಗಳೂರಿನ ಖಾಸಗಿ ಶಾಲೆಯೊಂದರಿಂದಲೂ ಕರೆ ಬಂದಿದೆ. ಹೋಗುವುದಾದರೆ ಸಂತೋಷ, ನಮ್ಮ ತಂಡಕ್ಕಾಗಿ ಅವಳನ್ನು ಕಟ್ಟಿಹಾಕುವ ಆಸೆ ಯಾರಿಗೂ ಇಲ್ಲ. ಆದರೆ ಭಾವಿ ಭಾರತ ತಂಡದ ನಾಯಕಿ ಎಂದು ಈಗಲೇ ಫ್ಲೆಕ್ಸ್ ಕಟ್ಟಬೇಡಿ. ಅವಳು ಆಡಲು ಶುರುಮಾಡಿ ಒಂದೂವರೆ ವರ್ಷವಾಗಿದೆ, ಎಡಗೈ ಇನ್ನೂ ಪಳಗಿಲ್ಲ. ಅವಳ ತಂದೆ ಗುಲಾಬಿ ಬೆಳೆಯುವವರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಹತ್ತನೇ ತರಗತಿ ಪಾಠ ಸರಿಯಾಗಿ ಆಗುತ್ತದೆಯೇ?’ ಸರಿಯಾದ ಪ್ರಶ್ನೆ. ಉತ್ತರ ಗೊತ್ತಿರುವವರು ಅವರನ್ನು ಭೇಟಿಯಾಗಿ.

ತುಮಕೂರಿನ ಪಯಣದ ಋಣ ದೊಡ್ಡದು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ದಾರಿಯಲ್ಲಿ ಟೆಂಪೊ ಓಡಿಸಿದ ಚಾಲಕರು ಡೀಸೆಲ್ ಮತ್ತು ಅತಿ ಕಡಿಮೆ ಬಾಡಿಗೆ ಮಾತ್ರ ತೆಗೆದುಕೊಂಡರು. ಪಂದ್ಯಗಳಿಗೂ ಬಂದು ಎಲ್ಲರಿಗಿಂತ ಜೋರಾಗಿ ಕೂಗಿದರು. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಅಂಕಣದಲ್ಲಿ ಪರಸ್ಪರ ಕೂಗುವುದು ತೆಲುಗಿನಲ್ಲಿ. ಎದುರಾಳಿಗೆ ಗುಟ್ಟು ತಿಳಿಯದು ಎಂಬ ಭರವಸೆ. ಬೆಂಗಳೂರಿನ ತಂಡದವರಿಗೆ ಎಲ್ಲವೂ ಅರ್ಥವಾಗುತ್ತಿತ್ತು ಎಂಬುದು ಪಂದ್ಯದ ನಂತರ ಗೊತ್ತಾಯಿತು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಊಟವಾಯಿತು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯೂ ಆಯಿತು. ಜೊತೆಗೆ ಬಂದ ಗಣಿತ ಶಿಕ್ಷಕಿ, ಮನೆಯಲ್ಲಿ ಎರಡು ವರ್ಷದ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬಂದವರು. ಇಬ್ಬರು ಹುಡುಗಿಯರಿಗೆ ಅಲ್ಲೇ ಮುಟ್ಟಾಯಿತು. ಇದನ್ನು ಬರೆಯಬೇಕೇ ಎಂದರೆ ಬರೆಯಬೇಕು, ಏಕೆಂದರೆ ಹೆಣ್ಣುಮಕ್ಕಳು ಆಟ ಬಿಡುವ ಕಾರಣಗಳಲ್ಲಿ ಇದೂ ಒಂದು. ಆ ಶಿಕ್ಷಕಿಯ ಚೀಲದಲ್ಲಿ ಪ್ಯಾಡು, ಮಾತ್ರೆ, ಬಿಸಿನೀರಿನ ಚೀಲ, ಬದಲಿ ಬಟ್ಟೆ ಎಲ್ಲವೂ ಇದ್ದವು. ಇಬ್ಬರೂ ಮರುದಿನ ಆಡಿದರು.

ಸೆಮಿಫೈನಲ್ ಬಗ್ಗೆ ಎರಡು ಮಾತು. ಅರ್ಧವಿರಾಮಕ್ಕೆ ಮೂರೇ ಅಂಕ ಹಿಂದಿದ್ದೆವು. ಮೂರನೇ ಕ್ವಾರ್ಟರ್‌ನಲ್ಲಿ ಕಾಲು ಸೋತವು, ಕಾಲು ಸೋತಾಗ ಕೈ ಚಾಚುತ್ತೇವೆ, ಕೈ ಚಾಚಿದರೆ ಫೌಲ್. ಹನ್ನೊಂದನೇ ಸಂಖ್ಯೆಯವಳು ಐದನೇ ಫೌಲ್ ಪಡೆದು ಹೊರಬಂದಳು. ತಂಡದ ಫೌಲ್‌ಗಳು ನಾಲ್ಕು ಮೀರಿದ್ದರಿಂದ ಅವರಿಗೆ ಫ್ರೀ ಥ್ರೋಗಳ ಸುರಿಮಳೆ. ಅವರು ಒಂದನ್ನೂ ಬಿಡಲಿಲ್ಲ. ಚೆನ್ನಾಗಿ ಆಡಿ ಗೆದ್ದರು. ಪಂದ್ಯ ಮುಗಿದ ಮೇಲೆ ಅವರ ನಾಯಕಿ ನಮ್ಮ ಐದನೇ ಸಂಖ್ಯೆಯವಳನ್ನು ಹುಡುಕಿಕೊಂಡು ಬಂದು, ಆ ಪಾಸ್ ಹೇಗೆ ಕೊಡುತ್ತೀಯ ಎಂದು ಕೇಳಿದಳು. ಇಬ್ಬರೂ ಗೆರೆಯಾಚೆ ನಿಂತು ಖಾಲಿ ಕೈಯಲ್ಲೇ ತೋರಿಸಿಕೊಳ್ಳುತ್ತಿದ್ದರು. ಟೆಂಪೊ ಹಾರ್ನ್ ಹೊಡೆದರೂ ನಮ್ಮವಳು ಕದಲಲಿಲ್ಲ.

ಇನ್ನು ಲೆಕ್ಕ. ಸಂಗ್ರಹವಾದ ಹಣದಲ್ಲಿ ಟೆಂಪೊ, ಊಟ, ನಾಲ್ವರಿಗೆ ಬೂಟು ಕಳೆದು 3,140 ರೂಪಾಯಿ ಉಳಿದಿದೆ. ರಸೀದಿಗಳ ಸಮೇತ ಪಟ್ಟಿಯನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ, ದಾನಿಗಳು ನೋಡಿಕೊಳ್ಳಬಹುದು. ಉಳಿದ ಹಣದಲ್ಲಿ ಇನ್ನೊಂದು ಚೆಂಡು ಬರಲಿ ಎಂದು ಹುಡುಗಿಯರ ವಾದ, ಬೋರ್ಡಿಗೆ ಬಣ್ಣ ಬಳಿಸೋಣ ಎಂದು ಮೇಷ್ಟ್ರ ವಾದ. ಶನಿವಾರ ಸಂಜೆ ತೀರ್ಮಾನವಾಗುತ್ತದೆ. ತಂಡದಲ್ಲಿ ಐವರು ಈ ವರ್ಷ ಹತ್ತನೇ ತರಗತಿ ಮುಗಿಸುತ್ತಾರೆ, ಆ ಜಾಗಗಳು ಖಾಲಿಯಾಗಲಿವೆ. ಎಂಟನೇ ತರಗತಿಯ ಹುಡುಗಿಯರಿಗೆ ಆಸಕ್ತಿಯಿದ್ದರೆ ಎರಡು ಭಾವಚಿತ್ರ ತೆಗೆದುಕೊಂಡು ಮೇಷ್ಟ್ರನ್ನು ಕಾಣಲಿ. ಅರ್ಹತಾ ಪತ್ರದ ಪ್ರತಿಗಳಿಗೆ ನನ್ನ ಅಂಗಡಿಯಲ್ಲಿ ದುಡ್ಡು ಬೇಡ. ಲ್ಯಾಮಿನೇಷನ್ ಬೇಕೆಂದರೆ ಮಾತ್ರ ಕೊಡಬೇಕಾಗುತ್ತದೆ.