ತಮ್ಮ ಗುರುತನ್ನು ಅವರೇ ಹೇಳಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಸುದ್ದಿಗಳಲ್ಲಿ ಜನಾಂಗದ ಮಾತು ಬಂದಾಗಲೆಲ್ಲ ನಾವು ಒಂದು ಅವಸರ ಮಾಡುತ್ತೇವೆ. ಆ ಮನುಷ್ಯ ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆ ಎಂದು ನೋಡುವ ಮೊದಲೇ ನಾವೇ ಒಂದು ಹಣೆಪಟ್ಟಿ ಕಟ್ಟಿಬಿಡುತ್ತೇವೆ. ಪತ್ರಿಕೆಗಳೂ ಹೀಗೆ ಮಾಡುತ್ತವೆ, ಓದುಗರಾದ ನಾವೂ ಮಾಡುತ್ತೇವೆ.

ಕಮಲಾ ಹ್ಯಾರಿಸ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಇದು ಎದ್ದು ಕಂಡಿತು. ತಾಯಿ ಭಾರತದವರು, ಹಾಗಿದ್ದರೆ ಇವರು ಕಪ್ಪು ವರ್ಣೀಯರು ಹೇಗಾಗುತ್ತಾರೆ ಎಂದು ಕೇಳಿದವರು ಒಬ್ಬಿಬ್ಬರಲ್ಲ. 2024ರ ಜುಲೈನಲ್ಲಿ ಶಿಕಾಗೊದ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಡೊನಾಲ್ಡ್ ಟ್ರಂಪ್ ಕೂಡ ಅದೇ ಧಾಟಿಯಲ್ಲಿ ಮಾತಾಡಿದರು. ಹ್ಯಾರಿಸ್ ಕೆಲವು ವರ್ಷಗಳ ಹಿಂದಷ್ಟೇ ಕಪ್ಪು ವರ್ಣೀಯರಾದರು ಎಂಬ ಅರ್ಥದ ಮಾತು ಅದು. ಆದರೆ ಹ್ಯಾರಿಸ್ ಅವರ ತಂದೆ ಜಮೈಕಾದ ಕಪ್ಪು ವರ್ಣೀಯರು. ಅವರು ಪದವಿ ಓದಿದ್ದು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಗುಲಾಮಗಿರಿ ಮುಗಿದ ಮೇಲೆ ಕಪ್ಪು ಜನರ ಓದಿಗೆಂದು 1867ರಲ್ಲಿ ಶುರುವಾದ ಸಂಸ್ಥೆ ಅದು. ಹ್ಯಾರಿಸ್ ಅಲ್ಲಿಂದ ಪದವಿ ಪಡೆದದ್ದು 1986ರಲ್ಲಿ. ರಾಜಕೀಯಕ್ಕೆ ಬರುವುದಕ್ಕೆ ಎಷ್ಟೋ ಮೊದಲು ಅವರು ಬದುಕಿದ ಗುರುತು ಅದು. ತಾಯಿಯ ಕಡೆಯ ಗುರುತನ್ನೂ ಅವರು ಯಾವತ್ತೂ ಬಿಟ್ಟುಕೊಟ್ಟಿಲ್ಲ. ಎರಡನ್ನೂ ಇಟ್ಟುಕೊಂಡರೆ ಯಾರಿಗೇನು ನಷ್ಟ?

ಬರಾಕ್ ಒಬಾಮ ಬೇರೆ ದಾರಿ ಹಿಡಿದರು. ತಾಯಿ ಕಾನ್ಸಾಸ್‌ನ ಬಿಳಿಯ ಮಹಿಳೆ, ತಂದೆ ಕೀನ್ಯಾದವರು. 2010ರ ಜನಗಣತಿ ಫಾರಂನಲ್ಲಿ ಒಂದಕ್ಕಿಂತ ಜಾಸ್ತಿ ಗುರುತು ಹಾಕಲು ಅವಕಾಶವಿತ್ತು. ಅವರು ಕಪ್ಪು ವರ್ಣೀಯ ಎಂಬುದೊಂದನ್ನೇ ಆರಿಸಿಕೊಂಡರು. ತಾಯಿಯನ್ನು ಮರೆತರು ಎಂದು ಆಗ ಬೇಸರ ಪಟ್ಟವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಸ್ತೆಯಲ್ಲಿ, ಅಂಗಡಿಯಲ್ಲಿ, ಪೊಲೀಸರ ಮುಂದೆ ಜಗತ್ತು ತನ್ನನ್ನು ಹೇಗೆ ಕಂಡಿತು ಎನ್ನುವುದು ಅವರಿಗೆ ಗೊತ್ತಿತ್ತು. ಆ ಅನುಭವಕ್ಕೆ ಅವರು ಕೊಟ್ಟ ಹೆಸರು ಅದು.

ಹೀಗೆ ತಾನೇ ಆರಿಸಿಕೊಳ್ಳುವ ಹಕ್ಕು ಅಲ್ಲಿ ತೀರಾ ತಡವಾಗಿ ಬಂದದ್ದು. 1790ರಲ್ಲಿ ಶುರುವಾದ ಅಮೆರಿಕದ ಜನಗಣತಿಯಲ್ಲಿ 1950ರವರೆಗೂ ಮನೆಗೆ ಬಂದ ಗಣತಿದಾರನೇ ಮುಖ ನೋಡಿ ಜನಾಂಗ ಬರೆದುಕೊಳ್ಳುತ್ತಿದ್ದ. 1890ರಲ್ಲಂತೂ ಕಾಲು ಪಾಲು ಕಪ್ಪು, ಎಂಟನೇ ಒಂದು ಪಾಲು ಕಪ್ಪು ಎಂದೆಲ್ಲ ರಕ್ತವನ್ನು ಅಳೆದು ಬರೆಯಲು ಹೇಳಿದ್ದರು. ಜನ ತಾವೇ ತುಂಬಲು ಶುರುಮಾಡಿದ್ದು 1960ರಲ್ಲಿ. ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು ಎಂದಾಗಿದ್ದು 2000ದಲ್ಲಿ.

ನಮ್ಮವರ ಕಥೆಯನ್ನೇ ನೋಡಿ. ಬೇರೆ ದೇಶದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ ಎಂದು 1790ರ ಕಾನೂನು ಹೇಳಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು. 1922ರಲ್ಲಿ ಜಪಾನಿನ ತಕಾವೊ ಒಜಾವ ಪೌರತ್ವ ಕೇಳಿದಾಗ, ಬಿಳಿಯ ಎಂದರೆ ಕಕೇಷಿಯನ್ (ಯುರೋಪಿನವರನ್ನು ಸೇರಿಸಿದ್ದ ಅಂದಿನ ವರ್ಗ) ಜನಾಂಗದವನು, ನೀನು ಆ ಗುಂಪಿಗೆ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂರೇ ತಿಂಗಳಲ್ಲಿ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಅದೇ ಕೋರ್ಟಿಗೆ ಬಂತು. ಅವರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅಂದಿನ ವಿದ್ವಾಂಸರ ಲೆಕ್ಕದಲ್ಲಿ ಉತ್ತರ ಭಾರತದವರು ಕಕೇಷಿಯನ್ನರೇ ಆಗಿದ್ದರು. ಈಗ ಕೋರ್ಟ್ ಮಾತು ಬದಲಿಸಿತು. ವಿದ್ವಾಂಸರ ಲೆಕ್ಕ ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ ಎಂದಿತು. ಆ ತೀರ್ಪಿನ ನಂತರ, ಅದಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಹಾಗೆ ಕಳೆದುಕೊಂಡ ವೈಷ್ಣೋ ದಾಸ್ ಬಗಾಯ್ ಎಂಬ ವ್ಯಾಪಾರಿ 1928ರಲ್ಲಿ ಪ್ರಾಣವನ್ನೇ ಬಿಟ್ಟರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಗಣತಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. 1920, 1930 ಮತ್ತು 1940ರಲ್ಲಿ ಭಾರತದಿಂದ ಹೋದವರನ್ನೆಲ್ಲ ‘ಹಿಂದೂ’ ಎಂಬ ಜನಾಂಗಕ್ಕೆ ಸೇರಿಸಿದರು. ಸಿಖ್ಖರೂ ಮುಸ್ಲಿಮರೂ ಅಲ್ಲಿ ಹಿಂದೂಗಳೇ. 1970ರಲ್ಲಿ ಅದೇ ಜನರನ್ನು ಬಿಳಿಯರ ಲೆಕ್ಕಕ್ಕೆ ಹಾಕಿದರು. ಭಾರತೀಯ ಸಂಘಟನೆಗಳು ಒತ್ತಾಯ ಮಾಡಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಬೇರೆ ಗುರುತು ಬಂತು. ಅರವತ್ತು ವರ್ಷಗಳಲ್ಲಿ ಈ ಜನರ ಮೈಬಣ್ಣವೇನೂ ಬದಲಾಗಲಿಲ್ಲ. ಬದಲಾದದ್ದು ಫಾರಂ ಮಾತ್ರ, ಅಲ್ವಾ?

ಬೇರೆಯವರು ಬರೆದ ಗುರುತಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎನ್ನುವುದಕ್ಕೆ ವರ್ಜೀನಿಯಾ ರಾಜ್ಯ ಸಾಕ್ಷಿ. 1924ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಯಾರೇ ಆದರೂ ಒಂದೋ ಬಿಳಿಯರು, ಇಲ್ಲವೇ ಬಿಳಿಯರಲ್ಲದವರು. ನಡುವೆ ಏನೂ ಇಲ್ಲ. ಜನನ ಮರಣ ದಾಖಲೆಗಳ ಹೊಣೆ ಹೊತ್ತಿದ್ದ ವಾಲ್ಟರ್ ಪ್ಲೆಕರ್ ಎಂಬ ಅಧಿಕಾರಿ, ಆ ನೆಲದ ಮೂಲನಿವಾಸಿ ಬುಡಕಟ್ಟುಗಳನ್ನು ಕಾಗದದಿಂದಲೇ ಅಳಿಸಲು ಹೊರಟ. ಅವರು ‘ನಾವು ಇಂಡಿಯನ್’ (ಅಂದರೆ ಅಮೆರಿಕದ ಮೂಲನಿವಾಸಿ) ಎಂದರೆ ಅವನು ‘ಬಣ್ಣದವರು’ (ಕಲರ್ಡ್) ಎಂದು ತಿದ್ದಿಸಿದ. ದಶಕಗಳ ನಂತರ ಕೇಂದ್ರ ಸರ್ಕಾರದ ಮಾನ್ಯತೆ ಕೇಳಲು ಹೋದಾಗ ಆ ಬುಡಕಟ್ಟುಗಳಿಗೆ ತೋರಿಸಲು ದಾಖಲೆಯೇ ಇಲ್ಲದಂತಾಗಿತ್ತು. ಅವುಗಳಲ್ಲಿ ಆರು ಬುಡಕಟ್ಟುಗಳಿಗೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ.

‘ಅಮೆರಿಕದ ಕಪ್ಪು ಜನ ಪದೇ ಪದೇ ಹೆಸರು ಬದಲಿಸುತ್ತಾರೆ, ಯಾವುದನ್ನು ನೆನಪಿಟ್ಟುಕೊಳ್ಳುವುದು’ ಎಂದು ಗೊಣಗುವವರಿದ್ದಾರೆ. ಪ್ರತಿ ಬದಲಾವಣೆಯ ಹಿಂದೆಯೂ ಕಾರಣವಿತ್ತು. ‘ನೀಗ್ರೊ’ ಎನ್ನುವುದು ಒಂದು ಕಾಲಕ್ಕೆ ಗೌರವದ ಪದವಾಗಿತ್ತು. 1963ರ ವಾಷಿಂಗ್ಟನ್ ಭಾಷಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಬಳಸಿದ್ದೂ ಅದನ್ನೇ. ಅದಾಗಿ ಕೆಲವೇ ವರ್ಷಗಳಲ್ಲಿ ಯುವಕರು ‘ಬ್ಲ್ಯಾಕ್’ ಎಂಬುದನ್ನು ಹೆಮ್ಮೆಯಿಂದ ಎತ್ತಿಕೊಂಡರು. ಬೈಗುಳದಂತೆ ಬಳಕೆಯಾಗುತ್ತಿದ್ದ ಪದವನ್ನು ತಮ್ಮದಾಗಿಸಿಕೊಂಡರು. 1988ರಲ್ಲಿ ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ‘ಆಫ್ರಿಕನ್ ಅಮೆರಿಕನ್’ ಎಂದು ಕರೆಯಿರಿ ಎಂದರು. ಬಣ್ಣಕ್ಕಿಂತ ಮೂಲ ನೆಲದ ನೆನಪು ಮುಖ್ಯ ಎನ್ನುವುದು ಅವರ ವಾದ. ಈಗ ಎರಡೂ ಬಳಕೆಯಲ್ಲಿವೆ. ನೈಜೀರಿಯಾದಿಂದ ಹೋಗಿ ನೆಲೆಸಿದವರಲ್ಲಿ ಎಷ್ಟೋ ಜನ ಎರಡನ್ನೂ ಬಿಟ್ಟು ‘ನೈಜೀರಿಯನ್’ ಎನ್ನುತ್ತಾರೆ. ದಕ್ಷಿಣ ಆಫ್ರಿಕಾಕ್ಕೆ ಹೋದರೆ ಮತ್ತೆ ಬೇರೆ. ಅಮೆರಿಕದಲ್ಲಿ ಅವಮಾನ ಎನಿಸುವ ‘ಕಲರ್ಡ್’ ಎಂಬುದನ್ನು ಅಲ್ಲಿ ಮಿಶ್ರ ಮೂಲದ ಲಕ್ಷಾಂತರ ಜನ ತಮ್ಮ ಗುರುತೆಂದು ಹೇಳಿಕೊಳ್ಳುತ್ತಾರೆ. 1950ರ ವರ್ಣಭೇದದ ಕಾನೂನು ಅದನ್ನು ಅವರ ಮೇಲೆ ಹೇರಿತ್ತು, ನಿಜ. 1991ರಲ್ಲಿ ಆ ಕಾನೂನು ಹೋದ ಮೇಲೂ ಹೆಸರನ್ನು ಉಳಿಸಿಕೊಂಡವರು ಅವರೇ.

ಹಾಗಾದರೆ ಯಾರು ಏನು ಬೇಕಾದರೂ ಹೇಳಿಕೊಳ್ಳಬಹುದೇ? ಇಲ್ಲ. ಇದನ್ನು ನಾನು ಸ್ಪಷ್ಟವಾಗಿಯೇ ಹೇಳಬೇಕು. ಸೆನೆಟರ್ ಎಲಿಜಬೆತ್ ವಾರೆನ್ ತಮ್ಮಲ್ಲಿ ಮೂಲನಿವಾಸಿಗಳ ರಕ್ತವಿದೆ ಎಂದು ತೋರಿಸಲು 2018ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಹೊರಗಿಟ್ಟರು. ಮೂಲನಿವಾಸಿ ಬುಡಕಟ್ಟಾದ ಚೆರೋಕಿ ನೇಷನ್ ಅದನ್ನು ಖಂಡಿಸಿತು. ತಮ್ಮವರು ಯಾರು ಎನ್ನುವುದನ್ನು ಬುಡಕಟ್ಟು ತೀರ್ಮಾನಿಸುತ್ತದೆ, ಪ್ರಯೋಗಾಲಯ ಅಲ್ಲ ಎಂಬುದು ಅವರ ನಿಲುವು. ವಾರೆನ್ ಮುಂದೆ ಕ್ಷಮೆ ಕೇಳಿದರು. ಗುರುತು ಎನ್ನುವುದು ಒಬ್ಬಂಟಿ ಆಸ್ತಿಯಲ್ಲ. ಅದನ್ನು ಹಂಚಿಕೊಂಡು ಬದುಕಿದ, ಅದರ ನೋವನ್ನೂ ಉಂಡ ಜನರಿದ್ದಾರೆ. ಅವರ ಮಾತಿಗೂ ತೂಕವಿದೆ. ದೂರದಲ್ಲಿ ಕೂತು ಸುಮ್ನೆ ತೀರ್ಪು ಕೊಡುವ ನಮ್ಮ ಮಾತಿಗೆ ಆ ತೂಕವಿಲ್ಲ.

‘ಎಲ್ಲರೂ ಮನುಷ್ಯರೇ, ಈ ಗುರುತೆಲ್ಲ ಯಾಕೆ’ ಎನ್ನುವವರ ಮನಸ್ಸು ಒಳ್ಳೆಯದೇ. ವಿಜ್ಞಾನವೂ ಅವರ ಕಡೆಗಿದೆ. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಪ್ರತಿಯೊಂದು ಜನಸಮೂಹದ ಒಳಗೇ ಇದೆ ಎಂದು 1972ರಲ್ಲೇ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ತೋರಿಸಿದ್ದರು. ಆದರೆ ಮನೆ ಬಾಡಿಗೆಗೆ ಕೊಡದಿರುವುದು, ಮತದಾನಕ್ಕೆ ಅಡ್ಡಿ ಮಾಡುವುದು, ಇವೆಲ್ಲ ನಡೆದದ್ದು ಜನಾಂಗ ನೋಡಿಯೇ. ಲೆಕ್ಕವೇ ಇಲ್ಲದಿದ್ದರೆ ಈ ಅನ್ಯಾಯವನ್ನು ಕೋರ್ಟಿನಲ್ಲಿ ತೋರಿಸುವುದು ಹೇಗೆ? ಗುರುತು ಅಳಿಸಿದ ಮಾತ್ರಕ್ಕೆ ಭೇದ ಅಳಿಯುವುದಿಲ್ಲ.

2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ತನ್ನ ಫಾರಂಗಳಿಗೆ ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ’ ಎಂಬ ಹೊಸ ಗುರುತು ಸೇರಿಸಲು ತೀರ್ಮಾನಿಸಿತು. ಲೆಬನಾನ್, ಈಜಿಪ್ಟ್, ಇರಾನ್ ಮೂಲದವರನ್ನು ಅಲ್ಲಿಯವರೆಗೆ ಬಿಳಿಯರೆಂದೇ ಎಣಿಸುತ್ತಿದ್ದರು. 1915ರಲ್ಲಿ ಜಾರ್ಜ್ ಡೌ ಎಂಬ ಸಿರಿಯಾ ಮೂಲದ ವ್ಯಕ್ತಿ, ತಾನು ಬಿಳಿಯ ಎಂದು ಕೋರ್ಟಿನಲ್ಲಿ ಹೋರಾಡಿ ಗೆದ್ದಿದ್ದ. ಆಗ ಪೌರತ್ವ ಸಿಗಲು ಅದೊಂದೇ ದಾರಿ. ಇವತ್ತು ಅದೇ ಪ್ರದೇಶದ ಮೂಲದವರಲ್ಲಿ ಅನೇಕರಿಗೆ ಬಿಳಿಯ ಎಂಬ ಹೆಸರು ಬೇಡ, ತಮ್ಮ ಸ್ವಂತ ಹೆಸರು ಬೇಕು. ಇಬ್ಬರದ್ದೂ ನ್ಯಾಯವಾದ ಬೇಡಿಕೆಯೇ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸುದ್ದಿಸಂಸ್ಥೆಯಿಂದ ಬಂದ ಸುದ್ದಿಯನ್ನು ಕನ್ನಡಕ್ಕೆ ತರುವಾಗ, ಆ ವ್ಯಕ್ತಿ ತನಗೆ ಯಾವ ಹೆಸರು ಹೇಳಿಕೊಂಡಿದ್ದಾರೋ ಅದನ್ನೇ ಇಡಿ. ‘ರೆಡ್ ಇಂಡಿಯನ್’, ‘ಎಸ್ಕಿಮೊ’ ಇಂಥವನ್ನು ಬಿಡಿ. ಬುಡಕಟ್ಟಿನ ಹೆಸರು ಗೊತ್ತಿದ್ದರೆ ನವಾಹೊ ಎನ್ನಿ, ಇನುಯಿಟ್ ಎನ್ನಿ. ಸುದ್ದಿಗೂ ಜನಾಂಗಕ್ಕೂ ಸಂಬಂಧವೇ ಇಲ್ಲದ ಕಡೆ, ಅದರಲ್ಲೂ ಅಪರಾಧದ ಸುದ್ದಿಗಳಲ್ಲಿ, ಅದನ್ನು ಬರೆಯಲೇಬೇಡಿ.

ಇಂತಿ,
ನಿಮ್ಮ ಓದುಗ